ಹಾಜರಿ ಪುಸ್ತಕದಿಂದ ಜಾರಿಹೋದವರು

ಕಳೆದ ವರ್ಷ ನಾವು ಮೂವರು ಒಂದು ಹಳ್ಳಿಯ ಪ್ರೌಢಶಾಲೆಗೆ ಹೋಗಿದ್ದೆವು. ಒಂಬತ್ತನೇ ತರಗತಿಯ ಮಕ್ಕಳಿಗೆ ‘ಜಗತ್ತಿನಲ್ಲಿ ಅಸಮಾನತೆ’ ಎಂಬ ವಿಷಯದ ಮೇಲೆ ಮಾತಾಡಿ ಎಂದು ಅಲ್ಲಿನ ಸಮಾಜ ವಿಜ್ಞಾನದ ಮೇಷ್ಟ್ರು ಕರೆದಿದ್ದರು. ಪತ್ರಿಕೋದ್ಯಮ ಓದಿದವರಲ್ಲವೇ, ತಯಾರಿಗೇನೂ ಕಡಿಮೆ ಇರಲಿಲ್ಲ. ಲ್ಯಾಪ್‌ಟಾಪ್ ತುಂಬ ಸ್ಲೈಡುಗಳು, ಶ್ರೀಮಂತ ದೇಶಕ್ಕೊಂದು ಬಣ್ಣ ಬಡ ದೇಶಕ್ಕೊಂದು ಬಣ್ಣ ಬಳಿದ ನಕ್ಷೆ, ದೂರದ ಊರುಗಳ ಬಡ ಮಕ್ಕಳ ಫೋಟೊಗಳು. ಮುಕ್ಕಾಲು ಗಂಟೆ ಮಾತಾಡಿದೆವು. ಮಕ್ಕಳು ಶಿಸ್ತಾಗಿ ಬರೆದುಕೊಂಡರು. ಪ್ರಶ್ನೆ ಕೇಳಿ ಎಂದಾಗ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇದು ಪರೀಕ್ಷೇಕ ಎಷ್ಟ್ ಮಾರ್ಕ್ಸಿಗೆ ಬರ್ತೈತ್ರಿ?” ಎಂದು ಕೇಳಿದಳು.

ಹೊರಗೆ ಬರುವಾಗ ಹಿಂದಿನ ಬೆಂಚುಗಳು ಖಾಲಿ ಇದ್ದುದರ ಬಗ್ಗೆ ವಿಚಾರಿಸಿದೆವು. “ಕಬ್ಬು ಕಡಿಯಾಕ ಅಪ್ಪ-ಅವ್ವನ ಕೂಡ ಹೋಗ್ಯಾವ್ರೀ. ಬ್ಯಾಸಿಗಿಗೆ ಬಂದ್ರ ಬಂದ್ವು, ಇಲ್ಲಂದ್ರ ಇಲ್ಲ” ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ನಾವು ಜಗತ್ತಿನ ಅಸಮಾನತೆಯ ಬಗ್ಗೆ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ಖಾಲಿ ಬಿದ್ದಿದ್ದ ಆ ಜಾಗಗಳು ನಮ್ಮ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಾಲೇಜು ದಿನಗಳಲ್ಲಿ ಜೆರಾಕ್ಸ್ ಮಾಡಿಸಿ ಓದಿದ್ದ ಒಂದು ಪುಸ್ತಕ ನೆನಪಾಯಿತು. ಅದನ್ನು ಬರೆದವರು ಇಟಲಿಯ ಒಂದು ಗುಡ್ಡದ ಎಂಟು ಹುಡುಗರು. ಅವರ ಶಾಲೆಯ ಹೆಸರು ಬಾರ್ಬಿಯಾನಾ. ಅಸಮಾನತೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬ ಪ್ರಶ್ನೆಗೆ ನಮಗೆ ಗೊತ್ತಿರುವ ಅತ್ಯಂತ ನೇರವಾದ ಉತ್ತರ ಆ ಶಾಲೆಯ ಚರಿತ್ರೆಯಲ್ಲೇ ಇದೆ. ಆದ್ದರಿಂದ ಈ ಬರಹ.

ರಸ್ತೆ ಇಲ್ಲದ ಊರಿಗೆ ಬಂದ ಪಾದ್ರಿ

ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕೆ ಮುಜೆಲ್ಲೊ ಎಂಬ ಗುಡ್ಡಗಾಡು ಸೀಮೆ ಇದೆ. ಅಲ್ಲಿನ ವಿಕ್ಕಿಯೊ ಪಟ್ಟಣಕ್ಕೆ ಸೇರಿದ, ಜೋವಿ ಬೆಟ್ಟದ ಇಳಿಜಾರಿನಲ್ಲಿರುವ ಜಾಗವೇ ಬಾರ್ಬಿಯಾನಾ. ಅದನ್ನು ಊರು ಎನ್ನುವುದೂ ಕಷ್ಟ. ಒಂದು ಚರ್ಚು, ಒಂದು ಪುಟ್ಟ ಸ್ಮಶಾನ, ಕಾಡು-ಹೊಲಗಳ ನಡುವೆ ದೂರ ದೂರ ಚದುರಿದ ಮನೆಗಳು, ಅಷ್ಟೇ. 1954ರಲ್ಲಿ ಅಲ್ಲಿಗೆ ಸರಿಯಾದ ರಸ್ತೆ ಇರಲಿಲ್ಲ, ಕರೆಂಟು ಇರಲಿಲ್ಲ, ಕೊಳಾಯಿ ನೀರೂ ಇರಲಿಲ್ಲ. ಆ ಸೀಮೆಯಲ್ಲಿ ಬೇರೆಯವರ ಜಮೀನನ್ನು ಪಾಲಿಗೆ ಉಳುವುದು ಶತಮಾನಗಳಿಂದ ನಡೆದುಬಂದಿತ್ತು. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಹೋಗುತ್ತಿತ್ತು. ಇಂಥ ಪಾಲುದಾರಿಕೆಯ ಹೊಸ ಒಪ್ಪಂದಗಳನ್ನು ಇಟಲಿ ಕಾನೂನಿನ ಮೂಲಕ ನಿಲ್ಲಿಸಿದ್ದು 1964ರಲ್ಲಿ.

1954ರ ಡಿಸೆಂಬರಿನಲ್ಲಿ ಆ ಚರ್ಚಿಗೆ ಲೊರೆಂಜೊ ಮಿಲಾನಿ ಎಂಬ 31 ವರ್ಷದ ಪಾದ್ರಿ ಬಂದರು. ಇಟಲಿಯಲ್ಲಿ ಪಾದ್ರಿಗಳ ಹೆಸರಿನ ಹಿಂದೆ ‘ಡಾನ್’ ಎಂದು ಸೇರಿಸುತ್ತಾರೆ. ಹಾಗಾಗಿ ಜನರ ಬಾಯಲ್ಲಿ ಅವರು ಡಾನ್ ಮಿಲಾನಿ. ನಮ್ಮ ಸಿನಿಮಾದ ಡಾನ್‌ಗೂ ಇದಕ್ಕೂ ಸಂಬಂಧವಿಲ್ಲ. 1923ರಲ್ಲಿ ಫ್ಲಾರೆನ್ಸಿನ ಸಿರಿವಂತ, ವಿದ್ಯಾವಂತ ಮನೆತನದಲ್ಲಿ ಹುಟ್ಟಿದವರು. ಮುತ್ತಾತ ದೊಡ್ಡ ಭಾಷಾ ವಿದ್ವಾಂಸ, ತಾಯಿ ಯೆಹೂದಿ ಮೂಲದವರು. ಮನೆತನಕ್ಕೆ ಜಮೀನಿತ್ತು, ಅದನ್ನು ಪಾಲಿಗೆ ಮಾಡುವ ರೈತರಿದ್ದರು. ಹುಡುಗ ಮೊದಲು ಚಿತ್ರಕಲೆ ಕಲಿತ. 20ನೇ ವಯಸ್ಸಿಗೆ ಎಲ್ಲವನ್ನೂ ಬಿಟ್ಟು ಪಾದ್ರಿಯಾಗಲು ಹೊರಟ.

ಬಾರ್ಬಿಯಾನಾಕ್ಕೆ ಮೊದಲು ಅವರು ಕಲೆಂಜಾನೊ ಎಂಬಲ್ಲಿದ್ದರು. ಅದು ಪ್ರಾತೊ ನಗರದ ಬಟ್ಟೆ ಗಿರಣಿಗಳ ಹತ್ತಿರದ ಊರು. ಅಲ್ಲಿ ಕೂಲಿಕಾರ ಯುವಕರಿಗೆ ರಾತ್ರಿ ಶಾಲೆ ನಡೆಸಿದರು. ಕಮ್ಯುನಿಸ್ಟರ ಮಕ್ಕಳೂ ಮುಜುಗರವಿಲ್ಲದೆ ಬರಲಿ ಎಂದು ಆ ಶಾಲೆಯ ಗೋಡೆಯಿಂದ ಶಿಲುಬೆಯನ್ನೇ ತೆಗೆಸಿದರು. ಆ ಕಾಲದ ಇಟಲಿಯಲ್ಲಿ ಇದು ಸಣ್ಣ ಮಾತಲ್ಲ. ಮೇಲಿನವರಿಗೆ ಇಂಥ ಪಾದ್ರಿ ಕಣ್ಣಿಗೆ ಬಿದ್ದ ಕಸದಂತೆ. ಹಾಗಾಗಿ ಯಾರೂ ಹೋಗದ ಗುಡ್ಡಕ್ಕೆ ಎತ್ತಂಗಡಿಯಾಯಿತು. ಬಂದ ಮರುದಿನವೇ ಅವರು ಅಲ್ಲಿನ ಸ್ಮಶಾನದಲ್ಲಿ ತಮ್ಮ ಸಮಾಧಿಗೆ ಜಾಗ ಕೊಂಡರು. ಇಲ್ಲಿಂದ ಮತ್ತೆಲ್ಲಿಗೂ ಹೋಗುವುದಿಲ್ಲ ಎಂದು ಊರಿನವರಿಗೆ ಹೇಳಿದ ರೀತಿ ಅದು.

ಒಂದೇ ಪುಸ್ತಕದ ಸುತ್ತ

ಬಾರ್ಬಿಯಾನಾದ ಮಕ್ಕಳು ಐದನೇ ತರಗತಿ ಮುಗಿಸುತ್ತಲೇ ದನ ಕಾಯಲು, ಹೊಲಕ್ಕೆ ಹೋಗುತ್ತಿದ್ದರು. ಅದಕ್ಕೂ ಮೊದಲೇ ಫೇಲಾಗಿ ಬಿಟ್ಟವರೂ ಇದ್ದರು. ಮಿಲಾನಿ ಮೊದಲು ದೊಡ್ಡವರಿಗೆ ಸಂಜೆ ಪಾಠ ಶುರುಮಾಡಿದರು. 1956ರಲ್ಲಿ ಆರು ಹುಡುಗರೊಂದಿಗೆ ಹಗಲಿನ ಶಾಲೆ ಆರಂಭವಾಯಿತು. ಬೆಳಿಗ್ಗೆಯಿಂದ ಸಂಜೆ ಕತ್ತಲಾಗುವವರೆಗೆ ಶಾಲೆ. ಭಾನುವಾರವಿಲ್ಲ, ಬೇಸಿಗೆ ರಜೆಯಿಲ್ಲ, ಹಬ್ಬದ ದಿನವೂ ರಜೆಯಿಲ್ಲ. ಕೇಳಿದರೆ ಕ್ರೂರ ಅನಿಸಬಹುದು. ಆದರೆ ಆ ಮಕ್ಕಳಿಗೆ ರಜೆ ಎಂದರೆ ಆಟವಲ್ಲ, ಕೊಟ್ಟಿಗೆ. ಅವರಲ್ಲಿ ಒಬ್ಬನ ಮನೆಯಲ್ಲಿ 36 ಹಸುಗಳಿದ್ದವು. ಸಗಣಿ ಬಾಚುವುದಕ್ಕಿಂತ ಶಾಲೆಯೇ ವಾಸಿ ಎಂಬುದು ಅವನ ಲೆಕ್ಕ.

ಚರ್ಚಿಗೆ ಸೇರಿದ ಮನೆಯ ಕೋಣೆಯೇ ತರಗತಿ. ಮೇಜು ಬೆಂಚುಗಳನ್ನು ಮಕ್ಕಳೇ ಮಾಡಿಕೊಂಡರು. ಗೋಡೆಯ ನಕ್ಷೆಗಳನ್ನೂ ಅವರೇ ಬರೆದರು. ಪುಸ್ತಕ ಒಂದೇ ಪ್ರತಿ, ಅದರ ಸುತ್ತ ಎಲ್ಲರೂ ಮುಗಿಬಿದ್ದು ಓದುವುದು. ಸ್ವಲ್ಪ ದೊಡ್ಡ ಹುಡುಗ ಚಿಕ್ಕವರಿಗೆ ಮೇಷ್ಟ್ರು. ಹನ್ನೆರಡು-ಹದಿಮೂರು ವರ್ಷದವರೂ ಪಾಠ ಮಾಡುತ್ತಿದ್ದರು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಎಲ್ಲರಿಗಿಂತ ಹಿಂದೆ ಉಳಿದವನಿಗೆ ಅರ್ಥವಾಗುವ ತನಕ ಪಾಠ ಮುಂದಕ್ಕೆ ಹೋಗುವಂತಿಲ್ಲ. ಉಳಿದ ಶಾಲೆಗಳಲ್ಲಿ ಚುರುಕಾದವನ ವೇಗವೇ ತರಗತಿಯ ವೇಗ. ಇಲ್ಲಿ ಅದು ತಿರುವುಮುರುವು.

ಗೋಡೆಯ ಮೇಲೆ ಇಂಗ್ಲಿಷಿನ ಎರಡೇ ಪದ ಬರೆದಿದ್ದರು: ‘ಐ ಕೇರ್’. ನನಗೆ ಇದು ಮುಖ್ಯ, ಇದು ನನ್ನ ಪಾಲಿನ ಚಿಂತೆ ಎಂದು ಅರ್ಥ. ‘ನನಗೇನಂತೆ’ ಎನ್ನುವುದು ಮುಸೊಲಿನಿಯ ಫ್ಯಾಸಿಸ್ಟರ ಘೋಷಣೆಯಾಗಿತ್ತು. ಅದಕ್ಕೆ ಎದುರಾಗಿ ಈ ಎರಡು ಪದ.

ಪತ್ರಕರ್ತರಾದ ನಮಗೆ ಹೆಚ್ಚು ಹಿಡಿಸಿದ್ದು ಅವರ ಪೇಪರ್ ಓದು. ದಿನಪತ್ರಿಕೆಯನ್ನು ಪ್ರತಿದಿನ ಗಟ್ಟಿಯಾಗಿ ಓದುತ್ತಿದ್ದರು. ಗೊತ್ತಿಲ್ಲದ ಒಂದು ಪದ ಬಂದರೆ ಅಲ್ಲೇ ನಿಲ್ಲುತ್ತಿದ್ದರು. ಅದು ಎಲ್ಲಿಂದ ಬಂತು, ಯಾರು ಯಾಕೆ ಅದನ್ನು ಬಳಸುತ್ತಾರೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಬಡವನನ್ನು ಬಡವನನ್ನಾಗಿ ಇಟ್ಟಿರುವುದು ಹಣದ ಕೊರತೆಯಷ್ಟೇ ಮಾತಿನ ಕೊರತೆಯೂ ಹೌದು ಎಂದು ಮಿಲಾನಿ ನಂಬಿದ್ದರು. ಒಪ್ಪಂದದ ಕಾಗದ, ಕೋರ್ಟಿನ ನೋಟಿಸು, ಪತ್ರಿಕೆಯ ಸುದ್ದಿ ಯಾವುದನ್ನೂ ಓದಿ ಅರ್ಥ ಮಾಡಿಕೊಳ್ಳಲಾಗದವನು ಇನ್ನೊಬ್ಬನ ಮಾತಿಗೆ ಹೆಬ್ಬೆಟ್ಟು ಒತ್ತಲೇಬೇಕು. ಗುಡ್ಡ ಹತ್ತಿ ನೋಡಲು ಬಂದ ವಕೀಲರು, ಪ್ರೊಫೆಸರುಗಳನ್ನೂ ಮಕ್ಕಳು ಸುಮ್ಮನೆ ಬಿಡುತ್ತಿರಲಿಲ್ಲ. ಬಂದವರು ಭಾಷಣ ಮಾಡುವಂತಿಲ್ಲ, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಬೇಸಿಗೆಯಲ್ಲಿ ದೊಡ್ಡ ಹುಡುಗರನ್ನು ಇಂಗ್ಲೆಂಡ್, ಜರ್ಮನಿ, ಫ್ರಾನ್ಸ್‌ಗಳಿಗೆ ಕೂಲಿ ಮಾಡಲು ಕಳಿಸುತ್ತಿದ್ದರು. ಅವರು ಜಗತ್ತನ್ನು ನಕ್ಷೆಯಲ್ಲಷ್ಟೇ ಅಲ್ಲ, ಅಲ್ಲಿನ ಕೂಲಿಯವರ ನಡುವೆ ನಿಂತೂ ಕಲಿತರು.

ಒಂದು ಪತ್ರಿಕಾ ಹೇಳಿಕೆಗೆ ಉತ್ತರ

ಪೇಪರ್ ಓದು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ 1965ರ ಘಟನೆ ಸಾಕ್ಷಿ. ಆ ವರ್ಷದ ಫೆಬ್ರವರಿಯಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಕೆಲವು ಪಾದ್ರಿಗಳು ಪತ್ರಿಕೆಯೊಂದರಲ್ಲಿ ಹೇಳಿಕೆ ಕೊಟ್ಟರು. ಆತ್ಮಸಾಕ್ಷಿಯ ಕಾರಣಕ್ಕೆ ಸೈನ್ಯ ಸೇರಲು ಒಪ್ಪದ ಯುವಕರು ಹೇಡಿಗಳು ಎಂಬುದು ಅದರ ಸಾರ. ಅಂಥ ಯುವಕರು ಆಗ ಜೈಲಿನಲ್ಲಿದ್ದರು. ಬಾರ್ಬಿಯಾನಾದಲ್ಲಿ ಆ ತುಣುಕನ್ನು ಓದಿದರು. ಓದಿ ಪಕ್ಕಕ್ಕಿಡಲಿಲ್ಲ. ಮೇಷ್ಟ್ರೂ ಮಕ್ಕಳೂ ಕೂತು ಇಟಲಿ ನೂರು ವರ್ಷಗಳಲ್ಲಿ ಮಾಡಿದ ಯುದ್ಧಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಯಾರ ಮೇಲೆ ಯುದ್ಧ, ಯಾರ ಲಾಭಕ್ಕೆ, ಸತ್ತವರು ಯಾರ ಮಕ್ಕಳು? 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ನುಗ್ಗಿ ವಿಷಾನಿಲ ಬಳಸಿದ್ದೂ ಆ ಚರಿತ್ರೆಯ ಭಾಗವೇ. ದೂರದ ಆಫ್ರಿಕಾದ ರೈತನ ಸಾವು ಮುಜೆಲ್ಲೊದ ರೈತನ ಮಗನ ಪಾಠದೊಳಗೆ ಬಂದದ್ದು ಹೀಗೆ.

ಮಿಲಾನಿ ಬಹಿರಂಗ ಪತ್ರ ಬರೆದರು. ಅದನ್ನು ಅಚ್ಚುಮಾಡಿದ ಕಮ್ಯುನಿಸ್ಟ್ ವಾರಪತ್ರಿಕೆ ‘ರಿನಾಶಿತಾ’ದ ಸಂಪಾದಕರ ಮೇಲೂ ಮಿಲಾನಿಯವರ ಮೇಲೂ ಕೇಸು ಬಿತ್ತು. ಅಪರಾಧವನ್ನು ಹೊಗಳಿದ ಆರೋಪ. ಮಿಲಾನಿಗೆ ಆಗಲೇ ಲಿಂಫ್ ಗ್ರಂಥಿಯ ಕ್ಯಾನ್ಸರ್. ರೋಮಿನ ಕೋರ್ಟಿಗೆ ಹೋಗಲಾಗದೆ ನ್ಯಾಯಾಧೀಶರಿಗೂ ಪತ್ರವನ್ನೇ ಬರೆದರು. 1966ರ ಫೆಬ್ರವರಿಯಲ್ಲಿ ಖುಲಾಸೆಯಾಯಿತು. ಮೇಲ್ಮನವಿಯ ತೀರ್ಪು ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. ಸೈನ್ಯ ಸೇರಲೊಪ್ಪದವರಿಗೆ ಬೇರೆ ಸೇವೆಯ ದಾರಿ ತೆರೆದ ಕಾನೂನು ಇಟಲಿಯಲ್ಲಿ ಬಂದದ್ದು 1972ರಲ್ಲಿ.

ಫೇಲಾದ ಹುಡುಗರು ಲೆಕ್ಕ ಹಾಕಿದರು

ಈಗ ನಾವು ಬಸ್ಸಿನಲ್ಲಿ ನೆನೆದ ಪುಸ್ತಕಕ್ಕೆ ಬರೋಣ. 1962ರ ಕೊನೆಗೆ ಇಟಲಿ ಒಂದು ಒಳ್ಳೆಯ ಕಾನೂನು ಮಾಡಿತು. ಅದಕ್ಕೂ ಮೊದಲು ಐದನೇ ತರಗತಿಯ ನಂತರ ದಾರಿ ಎರಡಾಗುತ್ತಿತ್ತು. ಲ್ಯಾಟಿನ್ ಕಲಿತು ಮುಂದೆ ಹೋಗುವವರಿಗೆ ಒಂದು ಶಾಲೆ, ಕೈಕೆಲಸಕ್ಕೆ ಹೋಗುವವರಿಗೆ ಇನ್ನೊಂದು. ಹೊಸ ಕಾನೂನು ಎರಡನ್ನೂ ಕೂಡಿಸಿ 14 ವರ್ಷದವರೆಗೆ ಎಲ್ಲರಿಗೂ ಒಂದೇ ಶಾಲೆ ಎಂದಿತು. ಕಾಗದದ ಮೇಲೆ ಸಮಾನತೆ ಬಂತು. ಆದರೆ ಫೇಲು ಮಾಡುವ ಪದ್ಧತಿ ಹಾಗೇ ಉಳಿಯಿತು.

ಮೇಷ್ಟ್ರಾಗಬೇಕೆಂದು ಶಿಕ್ಷಕರ ತರಬೇತಿ ಶಾಲೆಗೆ ಹೋದ ಬಾರ್ಬಿಯಾನಾದ ಇಬ್ಬರು ಹುಡುಗರು ಪರೀಕ್ಷೆಯಲ್ಲಿ ಫೇಲಾದರು. ವರ್ಷಗಳಿಂದ ಚಿಕ್ಕವರಿಗೆ ಪಾಠ ಹೇಳುತ್ತಿದ್ದವರೇ ಮೇಷ್ಟ್ರ ಪರೀಕ್ಷೆಯಲ್ಲಿ ಫೇಲು! ಬೇರೆ ಶಾಲೆಯಾಗಿದ್ದರೆ ಹುಡುಗರು ಅತ್ತು ಮನೆಗೆ ಹೋಗುತ್ತಿದ್ದರು. ಇಲ್ಲಿ ಎಂಟು ಮಂದಿ ಕೂತು ತಮ್ಮನ್ನು ಫೇಲು ಮಾಡಿದ ಮೇಡಮ್ಮಿಗೆ ಪತ್ರ ಬರೆಯಲು ಶುರುಮಾಡಿದರು. ತಿಂಗಳುಗಟ್ಟಲೆ ನಡೆದ ಆ ಕೆಲಸ 1967ರ ಮೇ ತಿಂಗಳಲ್ಲಿ ಪುಸ್ತಕವಾಗಿ ಬಂತು. ಇಂಗ್ಲಿಷಿನಲ್ಲಿ ಅದರ ಹೆಸರು ‘ಲೆಟರ್ ಟು ಎ ಟೀಚರ್’.

ಪತ್ರದಲ್ಲಿ ಇಬ್ಬರು ಹುಡುಗರು ಮತ್ತೆ ಮತ್ತೆ ಬರುತ್ತಾರೆ. ಪಿಯೆರಿನೊ ಡಾಕ್ಟರ ಮಗ. ಮನೆಯಲ್ಲೇ ಓದು ಬರಹ ಕಲಿತು, ಆರನೇ ವಯಸ್ಸಿಗೆ ನೇರವಾಗಿ ಎರಡನೇ ತರಗತಿಗೆ ಸೇರಿದವನು. ಜಾನ್ನಿ ರೈತನ ಮಗ. ಮನೆಯಲ್ಲಿ ಪುಸ್ತಕವಿಲ್ಲ, ಆಡುವ ಭಾಷೆ ಪುಸ್ತಕದ ಭಾಷೆಯಲ್ಲ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಹೊತ್ತು. ಮೇಡಮ್ಮು ಇದನ್ನು ನ್ಯಾಯ ಎಂದುಕೊಂಡಿದ್ದರು. ಓಟ ಶುರುವಾಗುವ ಮೊದಲೇ ಒಬ್ಬ ಅರ್ಧ ದಾರಿಯಲ್ಲಿ ನಿಂತಿದ್ದರೆ ಆ ಪಂದ್ಯವನ್ನು ಪಂದ್ಯ ಎನ್ನಲಾದೀತೇ ಎಂಬುದು ಹುಡುಗರ ವಾದ.

ಇಷ್ಟನ್ನು ಯಾರಾದರೂ ಹೇಳಬಹುದಿತ್ತು. ಹುಡುಗರು ಲೆಕ್ಕಕ್ಕೆ ಇಳಿದರು. ಸರ್ಕಾರದ ಅಂಕಿಅಂಶದ ಪುಸ್ತಕಗಳನ್ನು ತರಿಸಿದರು, ಶಾಲೆಗಳಿಂದ ವಿವರ ಕಲೆಹಾಕಿದರು. ಒಂದನೇ ತರಗತಿಗೆ ಸೇರಿದ ಮಕ್ಕಳು ವರ್ಷ ವರ್ಷ ಏನಾದರು ಎಂದು ಹಿಂಬಾಲಿಸಿದರು. ಆಗ ಮೇಷ್ಟ್ರುಗಳ ಕಣ್ಣಿಗೆ ಬೀಳದ ಒಂದು ಸತ್ಯ ಕಂಡಿತು. ಒಬ್ಬ ಫೇಲಾದರೆ ಅವನು ಆ ತರಗತಿಯಿಂದ ಮಾಯವಾಗುತ್ತಾನೆ, ಮೇಲಿನ ತರಗತಿಯಲ್ಲಿ ಫೇಲಾದ ಇನ್ನೊಬ್ಬ ಬಂದು ಸೇರುತ್ತಾನೆ. ಹಾಗಾಗಿ ತರಗತಿ ಯಾವಾಗಲೂ ತುಂಬಿದಂತೆಯೇ ಕಾಣುತ್ತದೆ. ಯಾರು ಹೋದರು ಎಂಬುದು ಹಾಜರಿ ಪುಸ್ತಕದಲ್ಲಿ ಉಳಿಯುವುದೇ ಇಲ್ಲ. ಕಡ್ಡಾಯ ಶಾಲೆ ವರ್ಷಕ್ಕೆ 4,62,000 ಮಕ್ಕಳನ್ನು ದಾರಿಯಲ್ಲೇ ಕಳೆದುಕೊಳ್ಳುತ್ತಿದೆ ಎಂಬುದು ಅವರು ತಲುಪಿದ ಮೊತ್ತ. ಕಳೆದುಹೋದವರ ಅಪ್ಪಂದಿರ ಕಸುಬನ್ನೂ ಪಟ್ಟಿ ಮಾಡಿದರು. ಹೆಚ್ಚಿನವರು ರೈತರ, ಕೂಲಿಗಳ ಮಕ್ಕಳು. ಹಾಗಾದರೆ ಬಡವರ ಮಕ್ಕಳೆಲ್ಲ ಹುಟ್ಟಾ ದಡ್ಡರೇ ಎಂಬ ಪ್ರಶ್ನೆಗೆ ಶಾಲೆಯ ಬಳಿ ಉತ್ತರವಿರಲಿಲ್ಲ.

ಬರೀ ದೂರಿ ಸುಮ್ಮನಾಗಲಿಲ್ಲ. ಮೂರು ಸಲಹೆ ಕೊಟ್ಟರು. ಯಾರನ್ನೂ ಫೇಲು ಮಾಡಬೇಡಿ. ದಡ್ಡ ಅನಿಸಿದವನಿಗೆ ಇಡೀ ದಿನದ ಶಾಲೆ ಕೊಡಿ. ಸೋಮಾರಿ ಅನಿಸಿದವನಿಗೆ ಕಲಿಯಲು ಒಂದು ಗುರಿ ಕೊಡಿ.

‘ನಾವು’ ಎಂದು ಬರೆಯುವ ಕಲೆ

ಎಂಟು ಜನ ಸೇರಿ ಒಂದು ಪುಸ್ತಕ ಬರೆಯುವುದು ಹೇಗೆ? ಗುಂಪಾಗಿ ಬ್ಲಾಗ್ ನಡೆಸುವ ನಮಗೆ ಈ ಪ್ರಶ್ನೆ ಪ್ರತಿ ವಾರದ್ದು. ಅವರ ವಿಧಾನ ಸರಳ. ಪ್ರತಿಯೊಬ್ಬನ ಬಳಿ ಒಂದು ಪುಟ್ಟ ನೋಟ್‌ಪುಸ್ತಕ. ಹೊಳೆದದ್ದನ್ನೆಲ್ಲ ಬರೆದುಕೊಳ್ಳುವುದು, ಒಂದು ಚೀಟಿಗೆ ಒಂದೇ ವಿಚಾರ. ಒಂದು ದಿನ ಎಲ್ಲ ಚೀಟಿಗಳನ್ನೂ ಮೇಜಿನ ಮೇಲೆ ಹರಡಿ, ಒಂದೇ ಥರದವನ್ನು ತೆಗೆದು, ಉಳಿದವನ್ನು ಗುಂಪು ಮಾಡುವುದು. ಗುಂಪುಗಳೇ ಅಧ್ಯಾಯಗಳಾಗುತ್ತವೆ. ಆಮೇಲೆ ಕತ್ತರಿ: ಬೇಡದ ಪದ, ಕಷ್ಟದ ಪದ, ಉದ್ದನೆಯ ವಾಕ್ಯ ಎಲ್ಲಕ್ಕೂ. ಕೊನೆಗೆ ಹೊರಗಿನವರಿಗೆ ಓದಿ ಹೇಳುವುದು, ಅದರಲ್ಲೂ ಹೆಚ್ಚು ಓದದವರಿಗೆ. ಅವರಿಗೆ ಅರ್ಥವಾಗದಿದ್ದರೆ ತಪ್ಪು ಬರೆದವರದ್ದು.

ಪುಸ್ತಕದಲ್ಲಿ ಯಾವ ಹುಡುಗನ ಹೆಸರೂ ಬರೆದವನಾಗಿ ಇಲ್ಲ. ಲೇಖಕರ ಜಾಗದಲ್ಲಿ ಇರುವುದು ಶಾಲೆಯ ಹೆಸರು. ಅದರ ಅಂಕಿಅಂಶದ ಕೆಲಸಕ್ಕೆ ಇಟಲಿಯ ಭೌತವಿಜ್ಞಾನಿಗಳ ಸಂಘ ಬಹುಮಾನ ಕೊಟ್ಟಿತು. ಫೇಲಾದ ಹುಡುಗರ ಲೆಕ್ಕಕ್ಕೆ ವಿಜ್ಞಾನಿಗಳ ಬಹುಮಾನ.

ಪುಸ್ತಕ ಬಂದ ಮರು ತಿಂಗಳು, 1967ರ ಜೂನ್ 26ರಂದು, ಮಿಲಾನಿ ತೀರಿಕೊಂಡರು. ವಯಸ್ಸು 44. ಮುಂಚೆಯೇ ಕೊಂಡಿದ್ದ ಜಾಗದಲ್ಲೇ ಮಣ್ಣಾದರು. ಮರುವರ್ಷದ ವಿದ್ಯಾರ್ಥಿ ಚಳವಳಿಯಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಯಿತು. 1971ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಇಡೀ ದಿನದ ತರಗತಿಗೆ ಕಾನೂನು ಬಂತು. 1977ರಲ್ಲಿ ಮೌಲ್ಯಮಾಪನದ ರೀತಿಯನ್ನೇ ಬದಲಿಸಿದ ಇನ್ನೊಂದು ಕಾನೂನು ಬಂತು. ಎಲ್ಲವೂ ಈ ಪುಸ್ತಕದಿಂದಲೇ ಆಯಿತು ಎನ್ನಲಾಗದು, ಆದರೆ ಅದರ ದನಿ ಆ ಚರ್ಚೆಗಳಲ್ಲಿ ಇತ್ತು. 2017ರಲ್ಲಿ ಪೋಪ್ ಫ್ರಾನ್ಸಿಸ್ ಬಾರ್ಬಿಯಾನಾಕ್ಕೆ ಹೋಗಿ ಆ ಸಮಾಧಿಯ ಮುಂದೆ ನಿಂತರು.

ಇದನ್ನೆಲ್ಲ ಆದರ್ಶ ಎಂದು ಪೂಜೆ ಮಾಡುವುದು ಬೇಡ. ಮಿಲಾನಿ ಬಹಳ ಕಟುವಾದ ಮೇಷ್ಟ್ರು. ಹುಡುಗಿಯರು ಆ ಶಾಲೆಗೆ ಬಂದದ್ದು ಕಡಿಮೆ. ಪುಸ್ತಕ ಇಡೀ ತಪ್ಪನ್ನು ಒಬ್ಬ ಮೇಡಮ್ಮಿನ ತಲೆಗೆ ಕಟ್ಟುತ್ತದೆ ಎಂದು ದೂರಿದವರಿದ್ದಾರೆ. ದಿನಕ್ಕೆ ಹನ್ನೆರಡು ಗಂಟೆ ಮಕ್ಕಳೊಂದಿಗೆ ಇರಬಲ್ಲವರು ಎಷ್ಟು ಮಂದಿ? ಅವರ ನಂತರ ಆ ಶಾಲೆ ಹೆಚ್ಚು ಕಾಲ ಉಳಿಯಲಿಲ್ಲ.

ಗುಡ್ಡದಿಂದ ಕಾಫಿ ಲೋಟಕ್ಕೆ

ಶಾಲೆ ಉಳಿಯದಿದ್ದರೂ ಕಲಿತವರು ಉಳಿದರು. ಬಾರ್ಬಿಯಾನಾದಲ್ಲಿ ಬೆಳೆದ ಫ್ರಾನ್ಚೆಸ್ಕೊ ಜೆಸ್ವಾಲ್ದಿ 1985ರಲ್ಲಿ ಪೀಸಾ ಹತ್ತಿರದ ವೆಕ್ಕಿಯಾನೊದಲ್ಲಿ ಒಂದು ಅಧ್ಯಯನ ಕೇಂದ್ರ ಕಟ್ಟಿದರು. 1990ರಲ್ಲಿ ಆ ಕೇಂದ್ರ ಪ್ರಕಟಿಸಿದ ಪುಸ್ತಕವೂ ಒಂದು ಪತ್ರವೇ. ಈ ಸಲ ವಿಳಾಸ ಮಾತ್ರ ಬೇರೆ: ಶ್ರೀಮಂತ ದೇಶಗಳ ಗ್ರಾಹಕ. ನೀನು ಕೊಳ್ಳುವ ವಸ್ತುವನ್ನು ಬೆಳೆದವರು ಯಾರು, ಅವರ ಕೈಗೆ ಸಿಕ್ಕಿದ್ದೆಷ್ಟು ಎಂದು ಅದು ಕೇಳುತ್ತದೆ. ಜಾನ್ನಿಯ ಲೆಕ್ಕ ಹಾಕಿದ ಅದೇ ರೀತಿಯಲ್ಲಿ ಈಗ ಜಗತ್ತಿನ ಲೆಕ್ಕ.

ಇಲ್ಲಿ ನಮ್ಮ ನೆಲಕ್ಕೂ ಒಂದು ಎಳೆ ಇದೆ. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂದಿದೆ. ಭಾರತದ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಹಣ್ಣು ಕೊಯ್ಯುವ ಕಾಲಕ್ಕೆ ಆ ತೋಟಗಳ ಲೈನು ಮನೆಗಳಿಗೂ ಹೊರಗಿನಿಂದ ಕುಟುಂಬಗಳು ಬರುತ್ತವೆ, ಮಕ್ಕಳೂ ಜೊತೆಗೆ. ಅವರ ಊರಿನ ಶಾಲೆಗಳಲ್ಲೂ ಬೆಂಚುಗಳು ಖಾಲಿ ಇರುತ್ತವೆ. ‘ಜಗತ್ತಿನಲ್ಲಿ ಅಸಮಾನತೆ’ ಎಂಬ ಪಾಠಕ್ಕೆ ನಮ್ಮ ನಕ್ಷೆಯ ಬಣ್ಣಗಳಿಗಿಂತ ಇದು ಹತ್ತಿರದ ದಾರಿ.

ಆ ಪ್ರೌಢಶಾಲೆಗೆ ನಾವು ಮತ್ತೊಮ್ಮೆ ಹೋದೆವು. ಈ ಸಲ ಲ್ಯಾಪ್‌ಟಾಪ್ ಒಯ್ಯಲಿಲ್ಲ. ಒಂದು ಕಟ್ಟು ಚೀಟಿ ಒಯ್ದೆವು. ನಿಮ್ಮ ಜೊತೆ ಒಂದನೇ ತರಗತಿಗೆ ಸೇರಿದವರ ಹೆಸರು ಬರೆಯಿರಿ, ಒಂದು ಚೀಟಿಗೆ ಒಂದು ಹೆಸರು, ಈಗ ಎಲ್ಲಿದ್ದಾರೆ ಎಂದೂ ಬರೆಯಿರಿ ಎಂದೆವು. ಮೊದಲು ಗುಸುಗುಸು. ಆಮೇಲೆ ಹೆಸರುಗಳು ಬರತೊಡಗಿದವು. ಒಬ್ಬಳ ಮದುವೆಯಾಗಿತ್ತು. ಒಬ್ಬ ಪಟ್ಟಣದ ಗ್ಯಾರೇಜಿನಲ್ಲಿದ್ದ. ಕೆಲವರು ಕಬ್ಬಿನ ಗ್ಯಾಂಗಿನಲ್ಲಿದ್ದರು. ಕೆಲವು ಚೀಟಿಗಳಲ್ಲಿ ‘ಗೊತ್ತಿಲ್ಲ’ ಎಂದಷ್ಟೇ ಇತ್ತು. ಮೇಷ್ಟ್ರು ಮೇಜಿನ ಪಕ್ಕ ನಿಂತು ಒಂದೊಂದೇ ಚೀಟಿ ತಿರುವಿ ನೋಡುತ್ತಿದ್ದರು.

ಮಾರ್ಕ್ಸ್ ಕೇಳಿದ್ದ ಹುಡುಗಿ ‘ಗೊತ್ತಿಲ್ಲ’ ಎಂದಿದ್ದ ಚೀಟಿಗಳನ್ನು ಬೇರೆ ಮಾಡಿ ಇಟ್ಟುಕೊಂಡಳು. “ಇವ್ರ ಮನೀಗ್ ಹೋಗಿ ಕೇಳ್ಕೊಂಡ್ ಬರ್ತೇವ್ರಿ” ಎಂದಳು. ಆ ಲೆಕ್ಕವನ್ನು ನಾವು ಇಲ್ಲಿ ಹಾಕುವುದಿಲ್ಲ. ಅದು ಆ ಮಕ್ಕಳದ್ದು. ಅವರು ಬರೆದು ಮುಗಿಸಿ, ಹಾಕಬಹುದು ಎಂದರೆ ಅವರ ಶಾಲೆಯ ಹೆಸರಿನಲ್ಲೇ ಈ ಬ್ಲಾಗಿನಲ್ಲಿ ಬರುತ್ತದೆ.